ಅರ್ಧಕ್ಕೆ ನಿಂತ ಕೌದಿ

ಕೊಪ್ಪಳ ಸೀಮೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ಅರ್ಧ ಹೊಲಿದು ಬಿಟ್ಟ ಕೌದಿಯೊಂದು, ಅಂದರೆ ಹಳೆಯ ಬಟ್ಟೆಯ ಹೊದಿಕೆಯೊಂದು, ಸಿಕ್ಕೇ ಸಿಗುತ್ತದೆ. ಟ್ರಂಕಿನ ತಳದಲ್ಲಿ, ಅಟ್ಟದ ಮೇಲಿನ ಗಂಟಿನಲ್ಲಿ, ಕೆಲವೊಮ್ಮೆ ಜೋಳದ ಚೀಲಗಳ ಹಿಂದೆ. ಬೇಸಿಗೆಯಲ್ಲಿ ಹೊಲಿಯಲು ಕುಳಿತಿರುತ್ತಾರೆ, ಮುಂಗಾರು ಬಿದ್ದು ಹೊಲದ ಕೆಲಸ ಶುರುವಾಗುತ್ತದೆ, ಮಡಿಚಿ ಇಡುತ್ತಾರೆ. ಮುಂದಿನ ಬೇಸಿಗೆಯ ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ, ಇಲ್ಲವೇ ಹೊಲಿಯುತ್ತಿದ್ದ ಜೀವವೇ ಇರುವುದಿಲ್ಲ. ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಮುಗಿಸಲು ಮನೆಯಲ್ಲಿ ಯಾರಿಗೂ ಕೈ ಬರುವುದಿಲ್ಲ. ಮಗಳೋ ಮೊಮ್ಮಗಳೋ ಒಂದು ದಿನ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬರುತ್ತಾಳೆ.

ನನ್ನದು ಕೊಪ್ಪಳದ ಪೇಟೆಯಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ. ಜಂಪರ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಕೌದಿ ಬಿಚ್ಚಿಕೊಂಡು ಕೂರುತ್ತೇನೆ. ಕೌದಿ ಕೆಲಸದಲ್ಲಿ ದುಡ್ಡು ಅಷ್ಟಕ್ಕಷ್ಟೇ. ಆದರೂ ಅದನ್ನು ಬಿಡಲು ನನ್ನಿಂದ ಆಗಿಲ್ಲ. ಬೇರೆಯವರು ಶುರು ಮಾಡಿದ್ದನ್ನು ಮುಗಿಸುವಾಗ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಪ್ರತಿ ಕೌದಿಯ ಜೊತೆಗೂ ಬರುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಮೇಲೆ ನನಗೆ ಒಂದು ನಿಲುವು ಬಂದಿದೆ. ಬಟ್ಟೆಯ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಬಾಯಿ ಬಿಟ್ಟು ಹೇಳಬೇಕು, ಆಮೇಲೆ ಆ ಕೌದಿ ಯಾರ ಮನೆಯದೋ ಅವರು ಹೇಳಿದಂತೆ ಮಾಡಬೇಕು. ಹೇಳುವುದು ಸುಲಭ. ಮಾಡುವಾಗ ಕೈ ಎಳೆಯುತ್ತದೆ.

ಕೌದಿ ಹೊದ್ದು ಮಲಗಿದವರಿಗೆ ಅದನ್ನು ಹೊಲಿಯುವ ರೀತಿ ಗೊತ್ತಿರಬೇಕೆಂದೇನಿಲ್ಲ, ಅದಕ್ಕೆ ಒಂದೆರಡು ಮಾತು. ನಮ್ಮ ಕಡೆಯ ಕೌದಿಗೆ ಹತ್ತಿ ತುಂಬುವುದಿಲ್ಲ. ಹಳೆಯ ಸೀರೆ, ಧೋತರಗಳನ್ನೇ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಎಳೆದು ಸಮ ಮಾಡುತ್ತಾರೆ. ಹೊಲಿಗೆ ಶುರುವಾಗುವುದು ಅಂಚಿನಿಂದ. ಅಂಚಿನ ಗುಂಟ ಒಂದು ಸುತ್ತು, ಅದರ ಒಳಗೆ ಬೆರಳಗಲ ಬಿಟ್ಟು ಇನ್ನೊಂದು ಸುತ್ತು, ಹೀಗೆ ಒಳಗೊಳಗೆ ಬರುತ್ತಾ ನಡುವಿಗೆ ಮುಗಿಯುತ್ತದೆ. ಹಾಗಾಗಿ ಅರ್ಧಕ್ಕೆ ನಿಂತ ಕೌದಿಯ ಸುತ್ತ ಬಿಗಿಯಾದ ಸಾಲುಗಳಿರುತ್ತವೆ, ನಡುವೆ ಮಾತ್ರ ಹೊಲಿಗೆಯಿಲ್ಲದ ಸಡಿಲ ಬಟ್ಟೆ ಉಬ್ಬಿಕೊಂಡಿರುತ್ತದೆ. ಎಲ್ಲಿ ನಿಲ್ಲಿಸಿದರು ಎಂಬುದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಕೆಲವದರಲ್ಲಿ ಸೂಜಿ ಇನ್ನೂ ಚುಚ್ಚಿದಂತೆಯೇ ಇರುತ್ತದೆ, ತುಕ್ಕು ಹಿಡಿದು, ಸುತ್ತಲಿನ ನೂಲನ್ನು ಕಂದು ಮಾಡಿಕೊಂಡು.

ಹೊಲಿಗೆಯೂ ಕೈಬರಹದ ಹಾಗೆ, ಒಬ್ಬರದು ಒಬ್ಬರಿಗೆ ಬರುವುದಿಲ್ಲ. ಟಾಕದ, ಅಂದರೆ ಸೂಜಿಯ ಒಂದೊಂದು ಹೊಲಿಗೆಯ ಉದ್ದ, ಎರಡು ಟಾಕದ ನಡುವಿನ ಸಂದು, ಮೂಲೆ ತಿರುಗುವಾಗ ಚೂಪಾಗಿ ತಿರುಗಿದ್ದಾರೋ ದುಂಡಗೆ ತಿರುಗಿದ್ದಾರೋ, ದಾರ ತೀರಿದಾಗ ಗಂಟನ್ನು ಒಳಗೆ ಅಡಗಿಸಿದ್ದಾರೋ ಮೇಲೇ ಬಿಟ್ಟಿದ್ದಾರೋ. ಒಂದು ಬದಿಯಲ್ಲಿ ಸಣ್ಣ ಟಾಕ, ಇನ್ನೊಂದು ಬದಿಯಲ್ಲಿ ದೊಡ್ಡ ಟಾಕ ಇದ್ದರೆ ಇಬ್ಬರು ಎದುರುಬದುರು ಕುಳಿತು ಹೊಲಿದಿದ್ದಾರೆ ಎಂದೇ ಅರ್ಥ. ಹೊರಗಿನ ಸುತ್ತುಗಳಲ್ಲಿ ಬಿಗಿಯಾಗಿದ್ದ ಟಾಕ ಒಳಗೆ ಬರುತ್ತಾ ಉದ್ದವಾಗಿ ಸೊಟ್ಟಗಾಗಿದ್ದರೆ ಆ ಅಜ್ಜಿಗೆ ಕಣ್ಣು ಕಾಣುವುದು ಕಡಿಮೆಯಾಗುತ್ತಾ ಬಂದಿತ್ತು. ಇದನ್ನು ನಾನು ಮನೆಯವರಿಗೆ ತೋರಿಸುತ್ತೇನೆ. ತೋರಿಸಿದ ಮೇಲೆ ಅವರು ಕೇಳುವುದು ಬದಲಾಗುತ್ತದೆ.

ಕುಷ್ಟಗಿ ತಾಲ್ಲೂಕಿನ ಹಳ್ಳಿಯಿಂದ ಒಬ್ಬ ಶಾಲಾ ಶಿಕ್ಷಕಿ ತಂದ ಕೌದಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಳಕಲ್ಲು ಆ ಊರಿಗೆ ಹತ್ತಿರ. ಹಾಗಾಗಿ ಕೌದಿಯ ತುಂಬಾ ಇಳಕಲ್ ಸೀರೆಯದೇ ತುಂಡುಗಳು. ಕೆಂಪು ನೆಲದ ಮೇಲೆ ಬಿಳಿ ಟೋಪ ತೆನೆ ವಿನ್ಯಾಸದ ಸೆರಗು, ಒಂದು ಕಡೆ ಚಿಕ್ಕಿ ಪರಾಸ್ ವಿನ್ಯಾಸದ ದಡಿ, ನಡುನಡುವೆ ಗುಳೇದಗುಡ್ಡ ಖಣದ ಕುಪ್ಪಸದ ಚೂರುಗಳು. ಖಣದ ತುಂಡುಗಳನ್ನು ತೋಳಿನ ಆಕಾರದಲ್ಲೇ ಇಟ್ಟು ಹೊಲಿದಿದ್ದರು, ಕತ್ತರಿಸಿ ಚೌಕ ಮಾಡುವ ಗೋಜಿಗೆ ಹೋಗಿರಲಿಲ್ಲ. ಒಳಪದರ ಅಜ್ಜನ ಧೋತರ. ಬಟ್ಟೆಯಲ್ಲಿ ಬೇವಿನೆಲೆಯ ಒಣ ವಾಸನೆ ಇತ್ತು, ಮಡಿಕೆ ಬಿಚ್ಚಿದಾಗ ಪುಡಿಯಾದ ಎಲೆಗಳು ಉದುರಿದವು. ಒಂದು ಮೂಲೆಯಲ್ಲಿ ಅಂಗೈ ಅಗಲದ ಅರಿಷಿಣದ ಕಲೆ.

ತಾಯಿ ಮಗಳು ಇಬ್ಬರೂ ಬಂದಿದ್ದರು. ತಾಯಿ, "ಅಕ್ಕಾರ, ಎಲ್ಲಾ ಒಂದಾ ಕೈಲೆ ಹೊಲ್ದಂಗ ಕಾಣಬೇಕ್ರಿ, ಬ್ಯಾರೆ ಹೊಲಿಗಿ ಅಂತ ಗೊತ್ತಾಗಬಾರ್ದು" ಅಂದರು. ಮಗಳು ತಾಯಿಯ ಮಾತು ಮುಗಿಯುವ ತನಕ ಸುಮ್ಮನಿದ್ದು, "ಬ್ಯಾಡ ಯವ್ವಾ. ಅಮ್ಮ ಎಲ್ಲಿತನಕ ಹೊಲ್ದಿದ್ಲು ಅಂತ ನನಗ ಕಾಣಬೇಕು" ಅಂದಳು. ಅವರ ಮನೆಯಲ್ಲಿ ಅಜ್ಜಿಯನ್ನು ಅಮ್ಮ ಎಂದೇ ಕರೆಯುತ್ತಾರೆ. ಇಬ್ಬರ ಮಾತೂ ಪ್ರೀತಿಯದೇ. ತಾಯಿಗೆ ತನ್ನ ಹೆತ್ತವಳ ಕೆಲಸ ಅರೆಬರೆ ಕಾಣಬಾರದು ಎಂಬ ಆಸೆ. ಮಗಳಿಗೆ ಆ ಕೈಯ ಗುರುತು ಉಳಿಯಬೇಕೆಂಬ ಆಸೆ. ಅಲ್ಲಿ ನಾನು ತೀರ್ಪು ಕೊಡಲು ಹೋದರೆ ತಪ್ಪಾಗುತ್ತದೆ. ನಡುವಿನ ಸಡಿಲ ಜಾಗದಲ್ಲಿ ಅಂಗೈ ಅಗಲ ಅಜ್ಜಿಯ ಟಾಕದ ಅಳತೆಗೇ ಬಿಳಿ ದಾರದಲ್ಲಿ ಹೊಲಿದೆ, ಪಕ್ಕದಲ್ಲಿ ಅಷ್ಟೇ ಅಗಲ ನನ್ನ ಟಾಕದಲ್ಲಿ ಕೆಂಪು ದಾರದಿಂದ ಹೊಲಿದೆ. ಎರಡನ್ನೂ ಹಾಗೇ ಬಿಟ್ಟು, ಮನೆಗೆ ಒಯ್ದು ಒಂದೆರಡು ದಿನ ಕಣ್ಣೆದುರು ಇಟ್ಟುಕೊಳ್ಳಿ ಎಂದು ಕೊಟ್ಟು ಕಳಿಸಿದೆ.

ವಾಪಸ್ ತಂದಾಗ ತಾಯಿಯೇ ಮಾತಾಡಿದ್ದು. ಬಿಳಿ ದಾರವೇ ಇರಲಿ, ಆದರೆ ಟಾಕ ನಿಮ್ಮದೇ ಅಳತೆಯಲ್ಲಿ ಹಾಕಿ ಎಂದರು. ದೂರದಿಂದ ನೋಡಿದರೆ ಒಂದೇ, ಹತ್ತಿರ ಕೂತು ನೋಡಿದರೆ ಎರಡು ಕೈ. ಅದು ನನಗೆ ಹೊಳೆದಿರಲಿಲ್ಲ, ನಾನು ಕೊಟ್ಟ ಎರಡು ಮಾದರಿಯಲ್ಲೂ ಅದು ಇರಲಿಲ್ಲ. ಅರಿಷಿಣದ ಕಲೆಯ ಮಾತು ಬಂದಾಗ ಇಬ್ಬರೂ ಒಟ್ಟಿಗೇ "ಇರ್ಲಿ ಬಿಡ್ರಿ" ಅಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಲೆಯ ವಿಷಯದಲ್ಲಿ ನಾನು ಯಾವತ್ತೂ ಮೊದಲು ಕೇಳುತ್ತೇನೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಊರೂರೇ ಮುಳುಗಡೆಯಾದಾಗ ಎದ್ದು ಬಂದ ಮನೆಗಳು ನಮ್ಮ ಸುತ್ತಮುತ್ತ ಬಹಳ. ಅಂಥ ಮನೆಯೊಂದರಿಂದ ಬಂದ ಕೌದಿಯ ಹಿಂಬದಿಯಲ್ಲಿ ಉದ್ದಕ್ಕೆ ಮಣ್ಣಿನ ಕಲೆಯಿತ್ತು. ಊರು ಬಿಟ್ಟು ಬರುವಾಗ ಪಾತ್ರೆ ಪಡಗ ಕಟ್ಟಿಕೊಂಡು ಬಂದ ಗಂಟು ಅದೇ ಕೌದಿಯಂತೆ. ಮನೆಯ ಹಿರಿಯರು ಆ ಜಾಗವನ್ನು ಕೈಯಿಂದ ಸವರುತ್ತಾ, ಇಲ್ಲಿ ನೀರು ಸೋಕಿಸಬೇಡಿ ಎಂದರು. ನೀರೊಳಗೆ ಹೋದ ಊರಿನ ಮಣ್ಣು ಅವರ ಹತ್ತಿರ ಇದ್ದದ್ದು ಅಷ್ಟೇ. ನಾನು ಸಾಬೂನಿನ ನೀರಿನಲ್ಲಿ ಮೊದಲು ನೆನೆಹಾಕಿ ಆಮೇಲೆ ಮಾತಾಡುವವಳಾಗಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಳ್ಳಲೂ ಮನಸ್ಸಾಗುವುದಿಲ್ಲ.

ಇನ್ನು ನಾನು ಹೇಳಲೇಬೇಕಾದ ಮಾತುಗಳು. ಹಳೆಯ ಕೌದಿಯಲ್ಲಿ ಕಪ್ಪು, ಕಡುಕಂದು ತುಂಡುಗಳು ಎಲ್ಲಕ್ಕಿಂತ ಮೊದಲು ಪುಡಿಯಾಗುತ್ತವೆ. ಹಿಂದೆ ಕಪ್ಪು ಬಣ್ಣಕ್ಕೆ ಅಳಲೆಕಾಯಿಯಂಥ ಒಗರು ಕಾಯಿಯ ಜೊತೆ ಕಬ್ಬಿಣದ ನೀರು ಬಳಸುತ್ತಿದ್ದರು. ಆ ಕಬ್ಬಿಣ ವರ್ಷಗಳು ಕಳೆದಂತೆ ನೂಲನ್ನು ಒಳಗಿಂದಲೇ ತಿನ್ನುತ್ತದೆ. ಪಕ್ಕದ ಕೆಂಪು ತುಂಡು ಗಟ್ಟಿಯಾಗಿಯೇ ಇರುತ್ತದೆ, ಕಪ್ಪು ಮಾತ್ರ ಬೆರಳು ಸೋಕಿದರೆ ಉದುರುತ್ತದೆ. ಅದಕ್ಕೆ ಹೊಲಿಗೆ ಹಾಕಿದರೆ ನಿಲ್ಲುವುದಿಲ್ಲ. ಒಂದೋ ಮೇಲೊಂದು ತೇಪೆ ಹಾಕಬೇಕು, ಇಲ್ಲ ತೆಳ್ಳನೆಯ ಜಾಳು ಬಟ್ಟೆ ಮುಚ್ಚಿ ಸುತ್ತಲೂ ಗಟ್ಟಿ ಬಟ್ಟೆಗೆ ಹಿಡಿದು ಹೊಲಿಯಬೇಕು. ಎರಡರಲ್ಲಿ ಯಾವುದು ಬೇಕೆಂದು ಹೇಳುವವರು ಅವರು. ಕೆಂಪು ಬಣ್ಣದ ಚಿಂತೆ ಬೇರೆ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಕೆಂಪಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬಿಟ್ಟರೆ ಆ ಕೌದಿ ತೊಳೆಯುವಂಥದ್ದಲ್ಲ ಎಂದು ಕೈಯಲ್ಲಿ ಹಿಡಿದು ತೋರಿಸಿಯೇ ಹೇಳುತ್ತೇನೆ. ದಾರವೂ ಹಾಗೆಯೇ. ಈಗ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ದಾರ ಹರಿಯುವುದಿಲ್ಲ ಎಂದು ಜನ ಇಷ್ಟಪಡುತ್ತಾರೆ. ಅದು ಹರಿಯುವುದಿಲ್ಲ, ಅದರ ಬದಲು ಹಳೆಯ ಬಟ್ಟೆಯೇ ಹರಿಯುತ್ತದೆ. ಬಟ್ಟೆಗಿಂತ ದಾರ ಗಟ್ಟಿಯಿರಬಾರದು. ನಾನು ಹತ್ತಿಯ ದಾರಕ್ಕೆ ಜೇನುಮೇಣ ಸವರಿ ಬಳಸುತ್ತೇನೆ, ಎಳೆಗೆ ಎಳೆ ಸಿಕ್ಕು ಬೀಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗಿರಾಕಿ ನನ್ನ ಮನಸ್ಸಿಗೆ ಒಗ್ಗದ್ದನ್ನು ಕೇಳುವುದಿದೆ. ಗಂಗಾವತಿಯಿಂದ ಬಂದ ಒಬ್ಬ ತಾಯಿ ಸಣ್ಣ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೇಳಿದಳು: "ಇದು ನನ್ನ ಮಗಳು ಹೊದ್ಕೊಬೇಕ್ರಿ. ವಾಷಿಂಗ್ ಮಷಿನ್‌ಗೆ ಹಾಕ್ಬೇಕು. ಹಿಂದ ಮೆತ್ತನ್ನ ಬಟ್ಟಿ ಹಚ್ಚಿ ಮಷಿನ್ ಹೊಲಿಗಿ ಹಾಕ್ರಿ." ಮಷಿನ್ ಸೂಜಿ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತೊತ್ತಾಗಿ ತೂತು ಮಾಡುತ್ತದೆ, ಆ ತೂತಿನ ಸಾಲಿನ ಗುಂಟವೇ ಮುಂದೆ ಬಟ್ಟೆ ಸೀಳುತ್ತದೆ. ಅದನ್ನು ಹೇಳಿದೆ. ಮಷಿನ್ನಿನಲ್ಲಿ ತಿರುಗಿಸಿ ಹಿಂಡಿದರೆ ಎಷ್ಟು ವರ್ಷ ಬಾಳುತ್ತದೆ ಎಂದು ನಾನು ಮಾತು ಕೊಡಲಾರೆ ಎಂದೂ ಹೇಳಿದೆ. ಅವಳು ಕೇಳಿಸಿಕೊಂಡು, "ಹರಿಯತನಕ ಹೊದ್ಕೊಳ್ಳಿ ಬಿಡ್ರಿ ಅಕ್ಕಾರ. ನಮ್ಮವ್ವ ಹೊಲ್ದಿದ್ದು ಹೊದ್ಯಾಕ" ಅಂದಳು.

ಆ ಮಾತಿಗೆ ನನ್ನಲ್ಲಿ ಎದುರುತ್ತರ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕೌದಿ ಹುಟ್ಟಿದ್ದೇ ಹರಿದ ಬಟ್ಟೆಗೆ ಇನ್ನೊಂದಿಷ್ಟು ವರ್ಷ ಬಾಳು ಕೊಡಲು. ಹರಿದರೆ ಮೇಲೊಂದು ಪದರ ಹಾಸಿ ಮತ್ತೆ ಹೊಲಿಯುತ್ತಿದ್ದರು. ಈಗ ಪೇಟೆಯ ಜನ ಅದನ್ನು ಗೋಡೆಗೆ ನೇತುಹಾಕುತ್ತಾರೆ, ಅದೂ ಒಂದು ಆಸೆಯೇ, ಅದಕ್ಕೂ ನಾನು ಹೊಲಿದು ಕೊಡುತ್ತೇನೆ. ಆದರೆ ಹೊದ್ದುಕೊಳ್ಳಲು ಕೇಳಿದವರನ್ನು ಹಳೆಯದರ ಬೆಲೆ ಗೊತ್ತಿಲ್ಲದವರಂತೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಹಿಂಬದಿಗೆ ಎರಡು ಸಲ ಒಗೆದು ಕುಗ್ಗಿಸಿದ ಮೆತ್ತನೆಯ ಹತ್ತಿ ಬಟ್ಟೆ ಹಚ್ಚಿದೆ, ಹೊಸ ಬಟ್ಟೆ ಒಗೆಯದೆ ಹಚ್ಚಿದರೆ ಮೊದಲ ನೀರಿಗೇ ಕುಗ್ಗಿ ಹಳೆಯದನ್ನು ಎಳೆಯುತ್ತದೆ. ಮಷಿನ್ ಹೊಲಿಗೆಯನ್ನು ಅಂಚಿಗೆ ಮಾತ್ರ, ಹೊಸ ಬಟ್ಟೆಯ ಪಟ್ಟಿಯ ಮೇಲೆ ಮಾತ್ರ ಹಾಕುತ್ತೇನೆ, ಒಳಗೆ ಕೈಹೊಲಿಗೆ ಇರಲಿ ಎಂದೆ. ಒಪ್ಪಿದಳು. ಒಪ್ಪದಿದ್ದರೆ ಅವಳು ಹೇಳಿದಂತೆಯೇ ಉದ್ದನೆಯ ಟಾಕ ಇಟ್ಟು ಮಷಿನ್ನಿನಲ್ಲೇ ಹೊಲಿದು ಕೊಡುತ್ತಿದ್ದೆ.

ಬಳ್ಳಾರಿಯಿಂದ ಬಂದದ್ದು ಇನ್ನೊಂದು ಬಗೆಯದು. ಬಳ್ಳಾರಿ ಎಂದರೆ ಜೀನ್ಸ್ ಹೊಲಿಯುವ ಊರು. ಗಂಡ ಹೆಂಡತಿ ಇಬ್ಬರೂ ಅದೇ ಕೆಲಸದಲ್ಲಿ ಜೀವನ ತೆಗೆದವರು. ಅತ್ತೆ ಅರ್ಧ ಮಾಡಿಟ್ಟ ಕೌದಿಗೆ ಹಿಂಬದಿ ಪೂರ್ತಿ ಜೀನ್ಸ್ ಬಟ್ಟೆ ಹಚ್ಚಬೇಕೆಂದರು. ಅತ್ತೆಯ ಸೀರೆಗೆ ತಮ್ಮ ದುಡಿಮೆಯ ಬಟ್ಟೆ ಸೇರಲಿ ಎಂಬುದು ಅವರ ಮನಸ್ಸು. ಆ ಆಸೆ ನನಗೆ ಬಹಳ ಹಿಡಿಸಿತು, ಬಟ್ಟೆ ಮಾತ್ರ ಹೊಂದುವಂಥದ್ದಲ್ಲ. ಜೀನ್ಸಿನ ಭಾರಕ್ಕೆ ಹಳೆಯ ಸೀರೆ ಜೋತು ಬಿದ್ದು ಹೊಲಿಗೆಯಲ್ಲೇ ಹರಿಯುತ್ತದೆ, ಕೈಸೂಜಿ ಅಷ್ಟು ದಪ್ಪದಲ್ಲಿ ನೆಟ್ಟಗೆ ಇಳಿಯುವುದಿಲ್ಲ, ನೀಲಿ ಬಣ್ಣ ಉಜ್ಜಿದಲ್ಲೆಲ್ಲ ಬಿಳಿ ಧೋತರಕ್ಕೆ ಹತ್ತುತ್ತದೆ. ಎಲ್ಲವನ್ನೂ ತುಂಡು ಹಿಡಿದು ತೋರಿಸಿದೆ. ಬಟ್ಟೆಯ ಕೆಲಸ ಗೊತ್ತಿದ್ದವರು, ಬೇಗ ಅರ್ಥ ಮಾಡಿಕೊಂಡರು. ಕೊನೆಗೆ ತೆಳುವಾದ, ಒಗೆದು ಒಗೆದು ಬಣ್ಣ ತಗ್ಗಿದ ಜೀನ್ಸಿನ ಪಟ್ಟಿಯನ್ನು ನಾಲ್ಕೂ ಅಂಚಿಗೆ ಹಚ್ಚುವುದೆಂದಾಯಿತು. ಆ ಪಟ್ಟಿಯನ್ನು ಅವರೇ ಕತ್ತರಿಸಿ, ಅವರೇ ತಮ್ಮ ಮಷಿನ್ನಿನಲ್ಲಿ ಜೋಡಿಸಿ ತಂದರು.

ನಂಬಿಕೆಯ ವಿಷಯ ಬಂದಾಗ ಇನ್ನೂ ಮೆಲ್ಲಗೆ ಕೇಳಬೇಕು. ತೀರಿಹೋದವರ ಬಟ್ಟೆ ಕೌದಿಗೆ ಹಾಕುವುದು ಕೆಲವು ಮನೆಗಳಲ್ಲಿ ನಡೆಯುವುದಿಲ್ಲ, ಕೆಲವರಿಗೆ ಅದೇ ಬೇಕು. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆ ಮಡಿಸಿ 'ಫೂಲ' ಹಚ್ಚುತ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. ನಮ್ಮ ಕಡೆಯೂ ಮನೆಗೊಂದು ಮಾತಿರುತ್ತದೆ. ಯಲಬುರ್ಗಾ ಕಡೆಯ ಹಿರಿಯರೊಬ್ಬರು, ನಡುವಿನ ಕೊನೆಯ ಸುತ್ತು ಮುಚ್ಚುವ ಮೊದಲು ಒಳಗೆ ನಾಲ್ಕು ಜೋಳದ ಕಾಳು ಹಾಕಬೇಕೆಂದು ಪಟ್ಟು ಹಿಡಿದರು. "ಕೌದಿ ಹೊಟ್ಟಿ ಖಾಲಿ ಇರಬಾರ್ದು ಬೇ" ಎಂದರು. ಕಾಳು ಹಾಕಿದರೆ ಹುಳ ಬೀಳುತ್ತದೆ, ಹುಳದ ಹಿಂದೆ ಇಲಿ ಬರುತ್ತದೆ. ಹುರಿದ ಕಾಳಾದರೆ ನಡೆಯುತ್ತದೆಯೇ ಎಂದು ಕೇಳಿದೆ. ಹುರಿದದ್ದು ಮೊಳೆಯುವುದಿಲ್ಲ, ಅದು ಬೇಡ ಎಂದರು. ಹಸಿ ಕಾಳನ್ನೇ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಸಣ್ಣ ಬಟ್ಟೆಯ ಚೀಲದಲ್ಲಿ ಕಟ್ಟಿ, ಬೇವಿನೆಲೆಯ ಜೊತೆ ಒಳಗಿಟ್ಟು ಹೊಲಿದೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಎಂದು ಮನೆಯವರಿಗೆ ಹೇಳಿ ಕಳಿಸಿದೆ. ಮುಚ್ಚುವ ಕೊನೆಯ ಟಾಕವನ್ನು ಅವರೇ ಹಾಕಿದರು. ಕೈ ನಡುಗುತ್ತಿತ್ತು, ನಾನು ಬಟ್ಟೆ ಹಿಡಿದುಕೊಂಡಿದ್ದೆ.

ಒಂದೇ ಒಂದು ಕೆಲಸಕ್ಕೆ ನಾನು ತಡೆಯುತ್ತೇನೆ. ಹಳೆಯ ಹೊಲಿಗೆ ಸೊಟ್ಟಗಿದೆ, ಪೂರ್ತಿ ಬಿಚ್ಚಿ ನೆಟ್ಟಗೆ ಹೊಲಿದುಕೊಡಿ ಎಂದಾಗ. ಹಚ್ಚಿದ್ದನ್ನು ಬಿಚ್ಚಬಹುದು, ಬಿಚ್ಚಿದ ಕೈಯನ್ನು ಮತ್ತೆ ತರಲು ಆಗುವುದಿಲ್ಲ. ಆಗ ಕೌದಿಯನ್ನು ತೆಗೆದುಕೊಳ್ಳದೆ ವಾಪಸ್ ಕಳಿಸುತ್ತೇನೆ, ಮನೆಯಲ್ಲಿ ಹಿರಿಯರನ್ನು ಒಂದು ಮಾತು ಕೇಳಿ ಬನ್ನಿ ಎನ್ನುತ್ತೇನೆ. ಮತ್ತೆ ಬಂದು ಅದನ್ನೇ ಹೇಳಿದವರಿಗೆ ಬಿಚ್ಚಿದ್ದೇನೆ. ಆ ದಾರವನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಜೊತೆಗೆ ಕೊಟ್ಟಿದ್ದೇನೆ.

ದುಡ್ಡಿನ ಮಾತು ಮೊದಲೇ ಆಗಬೇಕು, ಬರೆದಿಡಬೇಕು. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾವ ಕಲೆ ಉಳಿಯಬೇಕು, ಯಾವ ತುಂಡಿಗೆ ತೇಪೆ, ಯಾವ ದಾರ, ಅಂಚಿಗೆ ಏನು, ತೊಳೆಯಬೇಕೋ ಬೇಡವೋ ಎಂದು ಅವರೆದುರೇ ಬರೆದು, ಮೊಬೈಲಿನಲ್ಲಿ ಫೋಟೋ ಹಿಡಿದು, ಓದಿ ಹೇಳುತ್ತೇನೆ. ಮಧ್ಯದಲ್ಲಿ ಹೊಸದೇನಾದರೂ ಕಂಡರೆ ಕೆಲಸ ನಿಲ್ಲಿಸಿ ಫೋನ್ ಮಾಡುತ್ತೇನೆ. ಒಮ್ಮೆ ಒಳಪದರದಲ್ಲಿ ಮಡಿಸಿ ಇಟ್ಟ ಎಳೆಕೂಸಿನ ತಲೆಗೆ ಹಾಕುವ ಕುಂಚಿಗೆಯೊಂದು ಕೈಗೆ ಸಿಕ್ಕಿತು. ಅಂಥದ್ದನ್ನು ತೆಗೆಯುವುದೋ ಬಿಡುವುದೋ ಎಂದು ನಾನು ಹೇಗೆ ತೀರ್ಮಾನಿಸಲಿ? ಫೋನಿನಲ್ಲಿ ಆ ಕಡೆ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ, ಹಾಗೇ ಇಟ್ಟು ಹೊಲಿಯಿರಿ ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಅಕ್ಕತಂಗಿಯರ ಕೌದಿ. ಅಜ್ಜಿ ತೀರಿಕೊಂಡ ಮೇಲೆ ಹೊಲ, ಮನೆ ಎಲ್ಲ ಹಂಚಿಕೆಯಾಗಿತ್ತು, ಜಗಳವಿಲ್ಲದೆ. ಕೌದಿ ಇಬ್ಬರಿಗೂ ಬೇಕಿತ್ತು. ಮುಗಿಸಿ ಎರಡು ಮಾಡಿಕೊಡಿ ಎಂದರು. ನನಗೆ ಎದೆ ಧಸಕ್ಕೆಂದಿತು. ಒಳಕ್ಕೆ ಸುತ್ತಿಕೊಂಡು ಬರುವ ಹೊಲಿಗೆಯನ್ನು ನಡುವೆ ಕತ್ತರಿಸಿದರೆ ಪ್ರತಿ ಸುತ್ತಿನ ದಾರವೂ ಎರಡು ಕಡೆ ತುಂಡಾಗುತ್ತದೆ, ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ವರ್ಷಕ್ಕೊಬ್ಬರಂತೆ ಇಟ್ಟುಕೊಳ್ಳಬಹುದಲ್ಲ, ಇಲ್ಲವೇ ಅಜ್ಜಿಯದು ಒಬ್ಬರಿಗೆ, ಉಳಿದ ಸೀರೆಗಳಿಂದ ಹೊಸದು ಇನ್ನೊಬ್ಬರಿಗೆ ಎಂದು ಹೇಳಿ ನೋಡಿದೆ. ಇಬ್ಬರೂ ಬೇಡವೆಂದರು. ದೊಡ್ಡವಳು ಹೇಳಿದ್ದು ಇಷ್ಟೇ: "ಇಬ್ರೂ ಆಕಿ ಎಡಕ್ಕ ಬಲಕ್ಕ ಮಲ್ಕೊಂತಿದ್ವಿರಿ, ಇದಾ ಕೌದ್ಯಾಗ."

ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲು ಒತ್ತಾಗಿ ಎರಡೆರಡು ಸಾಲು ಹೊಲಿದು ಹಳೆಯ ದಾರಗಳನ್ನೆಲ್ಲ ಅಲ್ಲಲ್ಲೇ ಕಟ್ಟಿಹಾಕಿದೆ. ನಡುವಿನ ಸಡಿಲ ಜಾಗ ಇಬ್ಬರಿಗೂ ಅರ್ಧರ್ಧ ಬರುವಂತೆ ಗೆರೆ ಎಳೆಯಲು ಅವರನ್ನೇ ಕರೆದೆ. ಸುಣ್ಣದ ಬಳಪ ಹಿಡಿದು ಅವರೇ ಎಳೆದರು. ಸೀರೆಯ ಸೆರಗು ಒಂದು ಕಡೆ ಪೂರ್ತಿ ಹೋಗುವಂತಿತ್ತು. ತಂಗಿ ಅದನ್ನು ಅಕ್ಕನ ಕಡೆಗೆ ಬಿಟ್ಟು, ತನ್ನ ಕಡೆಗೆ ಅಜ್ಜನ ಧೋತರ ಹೆಚ್ಚು ಬರುವಂತೆ ಗೆರೆಯನ್ನು ಸ್ವಲ್ಪ ಸರಿಸಿದಳು. ನಾನು ಕತ್ತರಿ ಹಾಕಿದೆ. ಕತ್ತರಿಸಿದ ಅಂಚಿಗೆ ಅಕ್ಕ ಕೆಂಪು ಪಟ್ಟಿ ಕೇಳಿದಳು. ತಂಗಿ ಪಟ್ಟಿ ಬೇಡ, ಕತ್ತರಿಸಿದ್ದು ಗೊತ್ತಾಗಲಿ ಎಂದಳು. ಅವಳ ಅಂಚಿಗೆ ಪದರಗಳು ಕಾಣುವಂತೆಯೇ ಬಿಟ್ಟು, ಎಳೆ ಬಿಚ್ಚದಂತೆ ಸುತ್ತುಹೊಲಿಗೆ ಮಾತ್ರ ಹಾಕಿದೆ. ಒಂದು ತುಂಡು ಬೆಂಗಳೂರಿಗೆ ಹೋಯಿತು, ಇನ್ನೊಂದು ಸಿಂಧನೂರಿಗೆ. ಒಂದೊಂದರಲ್ಲೂ ನಡುವೆ ಸ್ವಲ್ಪ ಜಾಗವನ್ನು ನಾನು ಹೊಲಿಯದೆ ಬಿಟ್ಟಿದ್ದೇನೆ. ಅದನ್ನು ತಾವೇ ಕಲಿತು ಮುಗಿಸುತ್ತೇವೆ ಎಂದು ಇಬ್ಬರೂ ಕೇಳಿದ್ದರು, ದಾರ ಮತ್ತು ಎರಡು ಸೂಜಿ ಜೊತೆಗೆ ಕೊಟ್ಟು ಕಳಿಸಿದೆ.